ಹಿಟ್ಟು ಬಿಟ್ಟು ಹಾಲು ಹಿಡಿದರೆ ವ್ರತವಾಗುವುದೇ?

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಬೆಟ್ಟದ ದೇವರಿಗೆ ಹರಕೆ ಹೊರುವುದು ತಲೆತಲಾಂತರದಿಂದ ಬಂದ ನಡೆ. ಮುಡಿ ಕೊಡುವವರುಂಟು, ಉರುಳುಸೇವೆ ಮಾಡುವವರುಂಟು, ಬರಿಗಾಲಲ್ಲಿ ಬೆಟ್ಟ ಹತ್ತುವವರುಂಟು, ವಾರಕ್ಕೊಂದು ದಿನ ಒಪ್ಪೊತ್ತು ಇರುವವರುಂಟು. ಇವರ ನಡುವೆ ಇನ್ನೊಂದು ಬಗೆಯ ಹರಕೆ ಹೊರುವವರೂ ಸಿಗುತ್ತಾರೆ. "ಕೆಲ್ಸ ಆಗೋವರ್ಗೂ ಇಟ್ಟು ಮುಟ್ಟಲ್ಲ, ಅನ್ನ ಮುಟ್ಟಲ್ಲ, ಬರೀ ಹಾಲು-ಎಳನೀರಲ್ಲೇ ಇರ್ತೀನಿ" ಎನ್ನುವುದು ಅವರ ಸಂಕಲ್ಪ. ಕೆಲವರಿಗೆ ಅದು ಮೂರು ದಿನ, ಕೆಲವರಿಗೆ ಒಂಬತ್ತು ದಿನ, ಕೆಲವರಿಗೆ ನಲವತ್ತೆಂಟು ದಿನದ ಒಂದು ಮಂಡಲ.

ಪೇಟೆಯಲ್ಲಿ ಇದೇ ನಡೆ ಬೇರೆ ವೇಷದಲ್ಲಿ ಕಾಣುತ್ತದೆ. ಅಲ್ಲಿ ಹರಕೆ ಇಲ್ಲ, ಮೈ ಇಳಿಸುವ ಆಸೆ ಇದೆ. ಡಬ್ಬದ ಪುಡಿಯನ್ನು ನೀರಿಗೆ ಕದಡಿ ಕುಡಿದು "ಊಟ ಆಯ್ತು" ಎನ್ನುವ ಹುಡುಗರಿದ್ದಾರೆ. ಹಣ್ಣಿನ ರಸದಲ್ಲೇ ವಾರ ಕಳೆದು "ಹೊಟ್ಟೆ ಶುದ್ಧಿ ಮಾಡ್ಕೊಂಡೆ" ಎನ್ನುವವರಿದ್ದಾರೆ. ಇವರಿಬ್ಬರಲ್ಲದೆ ಮೂರನೆಯವರೂ ಇದ್ದಾರೆ. ಅವರು ಹರಕೆ ಹೊತ್ತವರೂ ಅಲ್ಲ, ಮೈ ಇಳಿಸಲು ಹೊರಟವರೂ ಅಲ್ಲ. ಹಲ್ಲು ಹೋದ ಮೇಲೆ ಮನೆಯವರೇ ಗಂಜಿಗೆ ಇಳಿಸಿದ ಅಜ್ಜ-ಅಜ್ಜಿಯರು ಅವರು.

ಗಟ್ಟಿ ಆಹಾರ ಬಿಟ್ಟು ದ್ರವಾಹಾರದಲ್ಲೇ ಬದುಕುವುದು ಸರಿಯೇ? ಅದರಿಂದ ಮೈಗೇನು, ಮನಸ್ಸಿಗೇನು? ಅದನ್ನು ವ್ರತವೆಂದು ಕರೆಯಬಹುದೇ? ಭಕ್ತರು ಈ ಪ್ರಶ್ನೆಯನ್ನು ಸಮಾಧಾನವಾಗಿ ಯೋಚಿಸಬೇಕು. ಏಕೆಂದರೆ ಇದು ಅಡಿಗೆಮನೆಯ ಪ್ರಶ್ನೆಯೂ ಹೌದು, ಧರ್ಮದ ಪ್ರಶ್ನೆಯೂ ಹೌದು.

ಶ್ವೇತಕೇತುವಿನ ಹದಿನೈದು ದಿನ

ಈ ಪ್ರಶ್ನೆ ಹೊಸದಲ್ಲ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ಆರುಣಿಯೂ ಅವನ ಮಗ ಶ್ವೇತಕೇತುವೂ ಬರುತ್ತಾರೆ. ಮಗ ಹನ್ನೆರಡು ವರ್ಷ ಗುರುಕುಲದಲ್ಲಿದ್ದು ವೇದಗಳನ್ನೆಲ್ಲ ಕಲಿತು ಬಂದವನು. ಕಲಿತೆನೆಂಬ ಹೆಮ್ಮೆಯೂ ಅವನಿಗಿತ್ತು. ತಂದೆ ಅವನಿಗೊಂದು ಪರೀಕ್ಷೆ ಇಟ್ಟನು. ಹದಿನೈದು ದಿನ ಏನನ್ನೂ ಉಣ್ಣಕೂಡದು, ನೀರನ್ನು ಮಾತ್ರ ಬೇಕಾದಷ್ಟು ಕುಡಿಯಬಹುದು. ನೀರಿದ್ದರೆ ಪ್ರಾಣ ಕಡಿಯುವುದಿಲ್ಲ ಎಂದನು.

ಮಗ ಹಾಗೆಯೇ ಇದ್ದನು. ಹದಿನೈದು ದಿನ ಕಳೆದ ಮೇಲೆ ತಂದೆ "ಈಗ ವೇದ ಹೇಳು" ಎಂದರೆ, ಹುಡುಗನಿಗೆ ಒಂದೂ ನೆನಪಿಗೆ ಬರಲಿಲ್ಲ. ಪ್ರಾಣ ಇತ್ತು, ಉಸಿರು ಇತ್ತು, ಕಲಿತ ವಿದ್ಯೆ ಮಾತ್ರ ಕೈಗೆ ಸಿಗಲಿಲ್ಲ. ಆಗ ತಂದೆ, ದೊಡ್ಡ ಬೆಂಕಿ ಆರಿ ಮಿಣುಕುಹುಳದಷ್ಟು ಕೆಂಡ ಉಳಿದರೆ ಅದರಿಂದ ಏನು ತಾನೆ ಸುಡಲಾದೀತು ಎಂಬ ಹೋಲಿಕೆ ಕೊಟ್ಟು, "ಹೋಗಿ ಉಣ್ಣು" ಎಂದು ಕಳುಹಿಸಿದನು. ಮಗ ಉಂಡು ಬಂದನು. ಕೇಳಿದ್ದಕ್ಕೆಲ್ಲ ಉತ್ತರ ಬಂತು. ಹುಲ್ಲು ಹಾಕಿದರೆ ಆ ಕೆಂಡವೇ ಮತ್ತೆ ಉರಿಯುವಂತೆ, ಅನ್ನದಿಂದ ಮನಸ್ಸು ಮತ್ತೆ ಹೊತ್ತಿಕೊಂಡಿತು. ಪ್ರಾಣಕ್ಕೆ ನೀರು ಆಧಾರ, ಮನಸ್ಸಿಗೆ ಅನ್ನ ಆಧಾರ ಎಂಬುದು ಆ ತಂದೆ ಕಲಿಸಿದ ಪಾಠ.

ಅದು ಬರಿ ನೀರು, ಇದು ಹಾಲು, ಎರಡೂ ಒಂದೇ ಹೇಗಾದೀತು ಎಂದು ಯಾರಾದರೂ ಕೇಳಬಹುದು. ಸರಿಯಾದ ಮಾತೇ. ಹಾಲಿನಲ್ಲಿ ನೀರಿಗಿಂತ ಎಷ್ಟೋ ಪಾಲು ಸತ್ವವಿದೆ. ಆದರೂ ಕಥೆಯ ಮರ್ಮ ಒಂದೇ. ಉಸಿರಾಡುವುದು ಬೇರೆ, ಬಾಳುವುದು ಬೇರೆ. "ಇನ್ನೂ ಜೀವ ಅದೆ" ಎಂಬುದು ಆಹಾರ ಸಾಕಾಗಿದೆ ಎನ್ನುವುದಕ್ಕೆ ಸಾಕ್ಷಿಯಲ್ಲ.

ಹೊಸ ಕಾಲದ ವಿದ್ಯೆಯೂ ಇದನ್ನೇ ಕಂಡುಕೊಂಡಿತು. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ತಾವಾಗಿಯೇ ಒಪ್ಪಿ ಬಂದ 36 ಜನ ಆರೋಗ್ಯವಂತ ಯುವಕರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ಪರೀಕ್ಷಿಸಿದರು. ಅವರಿಗೆ ಕೊಟ್ಟಿದ್ದು ಗಟ್ಟಿ ಊಟವೇ, ಪ್ರಮಾಣ ಮಾತ್ರ ಕಡಿಮೆ. ಮೈ ಸೊರಗಿದ್ದು ಒಂದು ಕಡೆಯಾದರೆ, ಮನಸ್ಸು ಸೊರಗಿದ್ದು ಇನ್ನೊಂದು ಕಡೆ. ಸಿಡುಕು, ಮಂಕು, ಬೇಸರ, ಯಾವಾಗಲೂ ಊಟದ್ದೇ ಧ್ಯಾನ. ದೇವರ ಧ್ಯಾನಕ್ಕೆಂದು ಉಪವಾಸ ಹಿಡಿದವರಿಗೆ ಅನ್ನದ ಧ್ಯಾನವೇ ಹತ್ತಿಕೊಂಡರೆ ವ್ರತದ ಗತಿ ಏನಾಯಿತು?

ಮೈಯ ಲೆಕ್ಕ

ಈಗ ಮೈಯ ಲೆಕ್ಕ ನೋಡಬೇಕು. ಭಾರತದಲ್ಲಿ ಆಹಾರದ ಶಾಸ್ತ್ರೀಯ ಅಧ್ಯಯನ ಗಟ್ಟಿಯಾಗಿ ಬೇರೂರಿದ್ದು ಗುಂಡ್ಲುಪೇಟೆಗೆ ದೂರವಲ್ಲದ ನೀಲಗಿರಿಯಲ್ಲಿ. 1918ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಕೂನೂರಿನಲ್ಲಿ ಆರಂಭಿಸಿದ ಚಿಕ್ಕ ಸಂಶೋಧನಾ ಕೊಠಡಿಯೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಹೋಗಿ, ಈಗ ರಾಷ್ಟ್ರೀಯ ಪೋಷಣಾ ಸಂಸ್ಥೆ ಎನಿಸಿದೆ. ಭಾರತೀಯರು ದಿನಕ್ಕೆ ಏನನ್ನು ಎಷ್ಟು ಉಣ್ಣಬೇಕೆಂಬ ಪ್ರಮಾಣವನ್ನು ಆ ಸಂಸ್ಥೆ ನಿಗದಿ ಮಾಡುತ್ತದೆ. 2020ರ ಪಟ್ಟಿಯಂತೆ ವಯಸ್ಕ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣಾಂಶ ಬೇಕು, ಗಂಡಸಿಗೆ 19 ಮಿಲಿಗ್ರಾಂ. ಹೆಂಗಸಿಗೆ ಸುಮಾರು 46 ಗ್ರಾಂ, ಗಂಡಸಿಗೆ 54 ಗ್ರಾಂ ಪ್ರೋಟೀನು ಬೇಕು. ನಾರಿನಂಶ 30 ಗ್ರಾಮಿನ ಆಸುಪಾಸು ಬೇಕು.

ಒಂದು ಲೀಟರ್ ಹಸುವಿನ ಹಾಲು ಎಂದರೆ ಸುಮಾರು 700 ಕ್ಯಾಲೊರಿ, 33 ಗ್ರಾಂ ಪ್ರೋಟೀನು. ಕಬ್ಬಿಣ ಎರಡು ಮಿಲಿಗ್ರಾಮನ್ನೂ ಮುಟ್ಟುವುದಿಲ್ಲ. ನಾರು ಸೊನ್ನೆ. ದಿನಕ್ಕೆ ಒಂದು ಲೀಟರ್ ಹಾಲಿನಲ್ಲಿ ಇರುವವರಿಗೆ ಅಗತ್ಯದ ಅರ್ಧ ಶಕ್ತಿಯೂ ಸಿಗುವುದಿಲ್ಲ. ಹಾಲಿನಲ್ಲೇ ಪೂರ್ತಿ ಶಕ್ತಿ ಪಡೆಯಬೇಕೆಂದರೆ ಮೂರು ಲೀಟರ್‌ನಷ್ಟು ಕುಡಿಯಬೇಕು. ಆಗಲೂ ಕಬ್ಬಿಣ ಐದು ಮಿಲಿಗ್ರಾಮಿಗೆ ಏರುವುದಿಲ್ಲ, ನಾರು ಸೊನ್ನೆಯಾಗಿಯೇ ಉಳಿಯುತ್ತದೆ.

ಇನ್ನೊಂದು ಕಡೆ ಈ ಸೀಮೆಯ ಊಟವನ್ನು ಇಟ್ಟು ನೋಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, 4 ಮಿಲಿಗ್ರಾಮಿಗೂ ಹೆಚ್ಚು ಕಬ್ಬಿಣವಿದೆ, 360 ಮಿಲಿಗ್ರಾಮಿನಷ್ಟು ಸುಣ್ಣದಂಶವಿದೆ. ತೂಕಕ್ಕೆ ತೂಕ ಇಟ್ಟರೆ ಹಾಲಿನಲ್ಲಿರುವ ಸುಣ್ಣದ ಮೂರು ಪಾಲು. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನಿದೆ. ಒಂದು ಮುದ್ದೆ ಹಿಟ್ಟು, ಹುರುಳಿ ಸಾರು, ಒಂದು ಹಿಡಿ ಸೊಪ್ಪು, ಕೊನೆಗೆ ಮಜ್ಜಿಗೆ. ಹಿಟ್ಟುಂಡವನು ಬೆಟ್ಟ ಕಿತ್ತಿಟ್ಟ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಹಣ್ಣಿನ ರಸದ ಲೆಕ್ಕ ಇನ್ನೂ ತೆಳ್ಳಗೆ. ಒಂದು ಕಿತ್ತಳೆ ತಿಂದರೆ ಹೊಟ್ಟೆ ಸಾಕೆನ್ನುತ್ತದೆ. ಮೂರು ಕಿತ್ತಳೆ ಹಿಂಡಿದ ರಸವಾದರೆ ಎರಡೇ ಗುಟುಕಿಗೆ ಮುಗಿಯುತ್ತದೆ. ಸಕ್ಕರೆ ಒಳಗೆ ಹೋಯಿತು, ನಾರು ಜರಡಿಯಲ್ಲೇ ಉಳಿಯಿತು. ಹಿಂಡಿದ ರಸದ ಸಕ್ಕರೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ಮಿತಿಯಲ್ಲಿಡಬೇಕಾದ ಸಕ್ಕರೆಯ ಪಟ್ಟಿಯಲ್ಲೇ ಸೇರಿಸಿದೆ. ಸಕ್ಕರೆ ಕಾಯಿಲೆ ಇರುವವರಿಗೆ ಇದರ ಅಪಾಯ ಬಿಡಿಸಿ ಹೇಳಬೇಕಿಲ್ಲ. ಎಳನೀರು ಅಮೃತಸಮಾನ ಎಂಬ ಮಾತು ಆರೋಗ್ಯವಂತರಿಗೆ ಸರಿ. ಮೂತ್ರಪಿಂಡ ಸೋತವರಿಗೆ ಅದರಲ್ಲಿರುವ ಪೊಟ್ಯಾಸಿಯಂ ಎದೆಬಡಿತವನ್ನೇ ತಪ್ಪಿಸಬಲ್ಲದು.

ಅಗಿಯುವುದೂ ಒಂದು ಕೆಲಸವೇ. ಬಾಯಲ್ಲಿ ಜೊಲ್ಲು ಬೆರೆತಾಗಲೇ ಜೀರ್ಣಕ್ರಿಯೆ ಶುರುವಾಗುತ್ತದೆ. ಹೊಟ್ಟೆ ತುಂಬಿತೆಂಬ ಸುದ್ದಿ ತಲೆಗೆ ತಲುಪಲು ಸಮಯ ಬೇಕು. ಗಟಗಟನೆ ಕುಡಿದಾಗ ಆ ಸಮಯವೇ ಸಿಗುವುದಿಲ್ಲ. ಆದ್ದರಿಂದಲೇ ಕುಡಿದವರಿಗೆ ಬೇಗ ಹಸಿವಾಗುತ್ತದೆ. "ಮುದ್ದೆ ನುಂಗೋದು ತಾನೆ, ಅಗಿಯೋದೆಲ್ಲಿ ಬಂತು?" ಎಂದು ತಮಾಷೆ ಮಾಡುವವರುಂಟು. ಮುದ್ದೆ ನುಂಗುವುದು ನಿಜ. ಆದರೆ ಜೊತೆಯ ಕಾಳು, ಸೊಪ್ಪು, ಈರುಳ್ಳಿ ಅಗಿಯದೆ ಇಳಿಯುವುದಿಲ್ಲ. ನುಂಗಿದ ಮುದ್ದೆಯ ನಾರೂ ಕರುಳಿನಲ್ಲಿ ತನ್ನ ಕೆಲಸ ಮಾಡಿಯೇ ಮಾಡುತ್ತದೆ. ನಾರಿಲ್ಲದ ದ್ರವಾಹಾರ ಹಿಡಿದವರಿಗೆ ನಾಲ್ಕೈದು ದಿನದಲ್ಲೇ ಮಲಬದ್ಧತೆ ಕಾಡುವುದು ಸಾಮಾನ್ಯ. ವಾರಗಟ್ಟಲೆ ಮುಂದುವರಿದರೆ ಕರಗುವುದು ಬೊಜ್ಜು ಮಾತ್ರವಲ್ಲ, ತೋಳು-ತೊಡೆಯ ಸ್ನಾಯುವೂ ಕರಗುತ್ತದೆ. ತೂಕ ಬಹಳ ಬೇಗ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವುದೂ ಉಂಟು.

ಅತಿಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಒಂದು ಘಟನೆ ಸಾಕು. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಊಟವೆಲ್ಲ ಬಿಟ್ಟು ದ್ರವ ಪ್ರೋಟೀನು ಮಾತ್ರ ಕುಡಿದು ತೂಕ ಇಳಿಸುವ ಗೀಳು ಹಬ್ಬಿತು. ಪ್ರಾಣಿಗಳ ಚರ್ಮ, ಸ್ನಾಯುರಜ್ಜುಗಳಿಂದ ತೆಗೆದ ಕೀಳುದರ್ಜೆಯ ಪ್ರೋಟೀನು ಅದು. ಅದನ್ನು ತಿಂಗಳುಗಟ್ಟಲೆ ಕುಡಿದವರಲ್ಲಿ 50ಕ್ಕೂ ಹೆಚ್ಚು ಜನ ಸತ್ತ ವರದಿ ಸರ್ಕಾರಕ್ಕೆ ಬಂತು. ಅವರಲ್ಲಿ ಹಲವರು ಹೃದಯದ ಬಡಿತ ತಪ್ಪಿ ತೀರಿಕೊಂಡ ಯುವತಿಯರು. ತೆಳ್ಳಗಾಗಲು ಹೊರಟವರಿಗೆ ಜೀವವೇ ಉಳಿಯಲಿಲ್ಲ.

ಹತ್ತುವ ಏಣಿ, ಇಳಿಯುವ ಏಣಿ

ಹಾಗಾದರೆ ದ್ರವಾಹಾರವೆಲ್ಲ ಕೆಟ್ಟದ್ದೇ? ಖಂಡಿತ ಅಲ್ಲ. ಹುಟ್ಟಿದ ಮಗುವಿಗೆ ಆರು ತಿಂಗಳು ತಾಯಿಹಾಲೊಂದೇ ಸಾಕು, ನೀರೂ ಬೇಡ. ಜ್ವರ ಬಂದವರಿಗೆ ಗಂಜಿ, ಭೇದಿಯಾದವರಿಗೆ ಉಪ್ಪು-ಸಕ್ಕರೆ ಬೆರೆಸಿದ ನೀರು, ಶಸ್ತ್ರಚಿಕಿತ್ಸೆ ಆದವರಿಗೆ ಕೆಲವು ದಿನ ತಿಳಿಯಾದ ಸಾರು. ಇವೆಲ್ಲ ಜೀವ ಉಳಿಸುವ ಕ್ರಮಗಳು. ಉಳುಮೆಗೆ ಹೋದವರು ಬಿಸಿಲಲ್ಲಿ ರಾಗಿ ಅಂಬಲಿ ಕುಡಿಯುವುದೂ ಒಳ್ಳೆಯದೇ. ಆದರೆ ಅಂಬಲಿ ಕುಡಿದವರು ಮಧ್ಯಾಹ್ನ ಮನೆಗೆ ಬಂದು ಉಣ್ಣುತ್ತಾರೆ. ಮಗುವೂ ಆರು ತಿಂಗಳಾದ ಮೇಲೆ ಹಾಲೊಂದರಲ್ಲೇ ಬೆಳೆಯುವುದಿಲ್ಲ. ಹುಟ್ಟುವಾಗ ಮೈಯಲ್ಲಿ ಕೂಡಿಟ್ಟುಕೊಂಡು ಬಂದ ಕಬ್ಬಿಣ ಅಷ್ಟರಲ್ಲಿ ಮುಗಿಯುತ್ತಾ ಬರುತ್ತದೆ. ಹಿರಿಯರು ಅನ್ನಪ್ರಾಶನವನ್ನು ಆರನೇ ತಿಂಗಳಿಗೆ ಇಟ್ಟಿದ್ದಾರೆ. ಇಂದಿನ ಮಕ್ಕಳ ವೈದ್ಯರು ಹೇಳುವ ಕಾಲವೂ ಅದೇ.

ಆಯುರ್ವೇದದಲ್ಲಿ ಸಂಸರ್ಜನ ಕ್ರಮ ಎಂಬ ಒಂದು ವಿಧಿಯಿದೆ. ಶೋಧನ ಚಿಕಿತ್ಸೆಯಾದ ಮೇಲೆ ರೋಗಿಗೆ ಮೊದಲು ತೆಳುಗಂಜಿ, ಆಮೇಲೆ ಗಟ್ಟಿಗಂಜಿ, ಆಮೇಲೆ ಬೇಳೆಯ ಕಟ್ಟು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಾಮಾನ್ಯ ಊಟಕ್ಕೆ ತರುತ್ತಾರೆ. ಲಂಘನವೇ ಪರಮ ಔಷಧ ಎಂದು ಉಪವಾಸವನ್ನು ಹೊಗಳುವವರು ಈ ಅರ್ಧವನ್ನು ಮರೆಯುತ್ತಾರೆ. ಅಲ್ಲಿ ದ್ರವಾಹಾರ ಅನ್ನಕ್ಕೆ ಹಿಂತಿರುಗುವ ಏಣಿ.

ಇದೇ ಮೆಟ್ಟಿಲುಗಳನ್ನು ಕೆಳಮುಖವಾಗಿ ಇಳಿಯುವ ಇನ್ನೊಂದು ದಾರಿಯೂ ಕರ್ನಾಟಕದಲ್ಲಿದೆ. ಅದು ಜೈನರ ಸಲ್ಲೇಖನ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯು ಆಚಾರ್ಯ ಪೂಜ್ಯಪಾದರು ತಪಸ್ಸು ಮಾಡಿದ ಬೆಟ್ಟವೆಂದು ಜೈನರು ನಂಬುತ್ತಾರೆ. ಶ್ರವಣಬೆಳಗೊಳದ ಬಂಡೆಗಳ ಮೇಲೆ ಸಲ್ಲೇಖನದಿಂದ ದೇಹ ಬಿಟ್ಟವರ ಶಾಸನಗಳು ಸಾಲುಸಾಲಾಗಿವೆ. ಆ ವಿಧಿಯಲ್ಲಿ ಮೊದಲು ಗಟ್ಟಿ ಆಹಾರ ಬಿಡುತ್ತಾರೆ, ಆಮೇಲೆ ಹಾಲಿನಂಥ ಜಿಡ್ಡಿನ ದ್ರವ, ಆಮೇಲೆ ಮಜ್ಜಿಗೆಯಂಥ ತೆಳು ದ್ರವ, ಆಮೇಲೆ ಬಿಸಿನೀರು, ಕೊನೆಗೆ ಅದನ್ನೂ ಬಿಡುತ್ತಾರೆ. ಎಲ್ಲರೂ ಯಾವಾಗ ಬೇಕಾದರೂ ಹಿಡಿಯುವ ವ್ರತ ಅದಲ್ಲ. ಗುಣವಾಗದ ರೋಗ, ತೀರದ ಮುಪ್ಪು, ಪರಿಹಾರವಿಲ್ಲದ ಬರಗಾಲ, ತಪ್ಪಿಸಲಾರದ ವಿಪತ್ತು ಬಂದಾಗ, ಗುರುವಿನ ಅಪ್ಪಣೆ ಪಡೆದು ಹಿಡಿಯಬೇಕಾದದ್ದು ಎಂದು ಅವರ ಶಾಸ್ತ್ರವೇ ಕಟ್ಟುನಿಟ್ಟು ಮಾಡಿದೆ. 2015ರಲ್ಲಿ ರಾಜಸ್ಥಾನ ಹೈಕೋರ್ಟು ಇದನ್ನು ಅಪರಾಧವೆಂದಾಗ, ಅದೇ ತಿಂಗಳು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಆ ವಾದ ಇಲ್ಲಿಯ ವಿಷಯವಲ್ಲ. ಇಲ್ಲಿ ನೋಡಬೇಕಾದದ್ದು ಇಷ್ಟು: ಆಹಾರತ್ಯಾಗವನ್ನು ಅತಿ ಆಳವಾಗಿ ಯೋಚಿಸಿದ ಆ ಧರ್ಮದಲ್ಲಿ, ಅನ್ನ ಬಿಟ್ಟು ದ್ರವಕ್ಕೆ ಬರುವುದು ಲೋಕಕ್ಕೆ ವಿದಾಯ ಹೇಳುವವರ ಮೊದಲ ಮೆಟ್ಟಿಲು.

ಏಣಿ ಒಂದೇ. ರೋಗಿ ಅದನ್ನು ಹತ್ತಿ ಬದುಕಿಗೆ ಬರುತ್ತಾನೆ, ಸಲ್ಲೇಖನ ಹಿಡಿದವರು ಅದನ್ನು ಇಳಿದು ಹೊರಡುತ್ತಾರೆ. ಇಬ್ಬರಿಗೂ ತಾವು ಎತ್ತ ಹೊರಟಿದ್ದೇವೆಂದು ಗೊತ್ತಿದೆ. ಮಗಳ ಮದುವೆ ನೋಡಬೇಕು, ಮೊಮ್ಮಗನನ್ನು ಎತ್ತಿ ಆಡಿಸಬೇಕು ಎಂದು ಹರಕೆ ಹೊತ್ತವರು ಬದುಕನ್ನು ಬೇಡುತ್ತಿರುವವರು. ಬದುಕನ್ನು ಬೇಡುತ್ತಾ ಇಳಿಯುವ ಮೆಟ್ಟಿಲ ಮೇಲೆ ತಿಂಗಳುಗಟ್ಟಲೆ ನಿಲ್ಲುವುದು ಹೊಂದುವ ಮಾತಲ್ಲ.

ತ್ಯಾಗ ಯಾರದು, ನೋವು ಯಾರಿಗೆ?

ವ್ರತ ಎಂದರೆ ತ್ಯಾಗ. ಹಾಗಾದರೆ ಹಾಲಿನ ವ್ರತದಲ್ಲಿ ಬಿಟ್ಟದ್ದೇನು, ಹಿಡಿದದ್ದೇನು? ರಾಗಿ ಬಡವರ ಹೊಲದ ಬೆಳೆ. ದಿನಕ್ಕೆ ಎರಡು ಮೂರು ಲೀಟರ್ ಹಾಲು, ನಾಲ್ಕಾರು ಎಳನೀರು, ಹಣ್ಣಿನ ರಸ ಇವು ಹಿಟ್ಟಿಗಿಂತ ದುಬಾರಿ. ಅಗ್ಗದ್ದನ್ನು ಬಿಟ್ಟು ದುಬಾರಿಯದ್ದನ್ನು ಹಿಡಿದು ಅದನ್ನು ತ್ಯಾಗವೆನ್ನುವುದು ಯೋಚಿಸಬೇಕಾದ ಸಂಗತಿ. ಇರುವ ಹಾಲೆಲ್ಲ ಹರಕೆಗೆ ಹೋಗಿ ಮನೆಯ ಕೂಸಿಗೆ ಕಡಿಮೆಯಾದರೆ, ತ್ಯಾಗ ಮಾಡಿದ್ದು ಆ ಕೂಸೇ ಹೊರತು ಹರಕೆ ಹೊತ್ತವರಲ್ಲ.

ಇನ್ನು ಕೆಲವು ಮನೆಗಳಲ್ಲಿ ಹಾಲೂ ಸರಿಯಾಗಿ ಇರುವುದಿಲ್ಲ. ಅಲ್ಲಿ ಹರಕೆ ಹೊತ್ತ ಹೆಂಗಸು ಕಾಫಿ-ಟೀಯಲ್ಲೇ ದಿನ ದೂಡುತ್ತಾಳೆ, ಜೊತೆಗೆ ಗದ್ದೆ ಕೆಲಸ, ಮನೆ ಕೆಲಸ. "ಇಟ್ಟು ಉಣ್ಣವ್ವ" ಎಂದರೆ "ಬ್ಯಾಡ ಕನ ಮೊಗ, ಹರಕೆ ಅದೆ" ಎನ್ನುತ್ತಾಳೆ. ಗಂಡನ ಕಾಯಿಲೆಗೆ ಹರಕೆ ಅವಳದು, ಮಗನ ಪರೀಕ್ಷೆಗೆ ಹರಕೆ ಅವಳದು, ಮಳೆಗೂ ಹರಕೆ ಅವಳದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಕರ್ನಾಟಕದಲ್ಲಿ ನೂರಕ್ಕೆ ಸುಮಾರು 48. ಮೊದಲೇ ರಕ್ತ ಕಡಿಮೆಯಿರುವ ಮೈಯಿಂದ ಕಬ್ಬಿಣ ಕೊಡುವ ಕಾಳು-ಸೊಪ್ಪನ್ನೂ ತೆಗೆದರೆ ಏನುಳಿದೀತು? ಮನೆಗೆಲ್ಲ ಆಧಾರವಾದವಳನ್ನು ಸೊರಗಿಸುವ ಹರಕೆ ಮನೆಗೆ ಒಳಿತು ತಂದೀತೇ? ಹರಕೆ ಹೊರುವ ಮುನ್ನ ಗಂಡಸರೂ ಯೋಚಿಸಬೇಕು, ತಮ್ಮ ಪಾಲಿನ ಹರಕೆಯನ್ನು ತಾವೇ ಹೊರಬೇಕು.

ಪುರಾಣಗಳಲ್ಲಿ ಉಗ್ರ ತಪಸ್ಸುಗಳಿವೆಯಲ್ಲ ಎಂಬ ಮಾತು ಬರುತ್ತದೆ. ಪಾರ್ವತಿ ಎಲೆಯನ್ನೂ ಬಿಟ್ಟು ಅಪರ್ಣೆ ಎನಿಸಿಕೊಂಡಳು, ನಿಜ. ಆದರೆ ಕಾಳಿದಾಸನ ಕುಮಾರಸಂಭವದಲ್ಲಿ ವಟುವಿನ ವೇಷದಲ್ಲಿ ಬಂದ ಶಿವನು ಅವಳನ್ನು ಮೊದಲು ವಿಚಾರಿಸುವುದರಲ್ಲಿ, ಮೈಯ ಶಕ್ತಿ ನೋಡಿಕೊಂಡು ತಪಸ್ಸು ಮಾಡುತ್ತಿರುವೆಯಾ ಎಂಬ ಕಾಳಜಿಯೂ ಇದೆ. ಗೌತಮ ಬುದ್ಧನಂತೂ ಮೈಯನ್ನು ಎಲುಬಿನ ಗೂಡು ಮಾಡಿಕೊಂಡು ನೋಡಿದ ಮೇಲೆ, ಸುಜಾತೆ ಕೊಟ್ಟ ಪಾಯಸ ಉಂಡು ಮುಂದಿನ ದಾರಿ ಹಿಡಿದನು. ಜೊತೆಗಿದ್ದ ಐವರು ಇವನು ಸುಖಕ್ಕೆ ಬಿದ್ದನೆಂದು ಬಿಟ್ಟು ಹೋದರು. ಜ್ಞಾನ ದೊರೆತದ್ದು ಉಂಡವನಿಗೆ. ಭಗವದ್ಗೀತೆಯ ಆರನೆಯ ಅಧ್ಯಾಯವೂ ಅತಿಯಾಗಿ ಉಣ್ಣುವವನಿಗೆ ಯೋಗವಿಲ್ಲ, ಏನೂ ಉಣ್ಣದವನಿಗೂ ಯೋಗವಿಲ್ಲ ಎಂಬ ಅರ್ಥವನ್ನೇ ಹೇಳುತ್ತದೆ.

ಬೆಟ್ಟದ ದೇವರುಗಳ ಕಥೆಗಳನ್ನೇ ನೋಡಬಹುದು. ಮಾದಪ್ಪನು ಸುತ್ತೂರು ಮಠದಲ್ಲಿ ರಾಗಿ ಬೀಸಿದ ಕಥೆಯನ್ನು ಕಂಸಾಳೆಯವರು ಈಗಲೂ ಹಾಡುತ್ತಾರೆ. ಏಳುಮಲೆ ಆಳುವ ಸ್ವಾಮಿಯೇ ಬೀಸುವ ಕಲ್ಲು ಹಿಡಿದ ರಾಗಿ ಅದು. ಅದನ್ನು ಉಣ್ಣುವುದು ಮೈಲಿಗೆಯೂ ಅಲ್ಲ, ವ್ರತಭಂಗವೂ ಅಲ್ಲ. ಗುಂಡ್ಲುಪೇಟೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದಲ್ಲಿ ನಿಂತವನು ಹಾಲು-ಬೆಣ್ಣೆಯ ದೇವರು. ಆದರೆ ಭಾಗವತದಲ್ಲಿ ಆ ಗೋಪಾಲನೇ ಕಾಡಿನಲ್ಲಿ ಗೆಳೆಯರ ನಡುವೆ ಕುಳಿತು ಮೊಸರನ್ನದ ತುತ್ತು ಹಿಡಿದು ಉಪ್ಪಿನಕಾಯಿ ನಂಜಿಕೊಂಡು ಉಣ್ಣುತ್ತಾನೆ. ದೇವಸ್ಥಾನದ ಪೂಜೆಯಲ್ಲೂ ಹಾಲಿನ ಅಭಿಷೇಕದೊಂದಿಗೆ ಪೂಜೆ ಮುಗಿಯುವುದಿಲ್ಲ, ನೈವೇದ್ಯ ಆಗಲೇಬೇಕು.

ಪಂಕ್ತಿಯಿಂದ ಎದ್ದುಹೋದವರು

ಮೂರನೆಯವರ ಮಾತು ಉಳಿದಿದೆ. ಅಜ್ಜಿಗೆ ಹಲ್ಲಿಲ್ಲ, ಅಜ್ಜನಿಗೆ ಕೈ ನಡುಗುತ್ತದೆ. ಸೊಸೆಗೆ ಹೊಲದ ಕೆಲಸ, ಮಗನಿಗೆ ಪೇಟೆಯ ಕೆಲಸ. ಬೆಳಿಗ್ಗೆ ಒಂದು ಲೋಟ ಹಾಲು, ಮಧ್ಯಾಹ್ನ ಗಂಜಿ, ರಾತ್ರಿ ಮತ್ತೆ ಗಂಜಿ. "ವಯಸ್ಸಾಯ್ತಲ್ಲ, ಇಷ್ಟೇ ಸಾಕು" ಎಂದು ಮನೆಯವರು ಅಂದುಕೊಳ್ಳುತ್ತಾರೆ. ಕೆಟ್ಟ ಮನಸ್ಸಿನಿಂದ ಅಲ್ಲ, ಸುಲಭವಾಗುತ್ತದೆಂದು.

ಆದರೆ ಮುಪ್ಪಿನಲ್ಲಿ ಸ್ನಾಯು ಕರಗುವುದು ಬೇಗ. ತೆಳುಗಂಜಿಯಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ಕಾಲಲ್ಲಿ ಬಲ ತಗ್ಗಿ ಬೀಳುವುದು, ಬಿದ್ದು ಸೊಂಟದ ಮೂಳೆ ಮುರಿಯುವುದು, ಹಾಸಿಗೆ ಹಿಡಿಯುವುದು ಹೀಗೆ ಒಂದರ ಹಿಂದೆ ಒಂದು ಬರುತ್ತದೆ. ಲಕ್ವ ಹೊಡೆದವರಿಗೆ ದ್ರವವೇ ಸುರಕ್ಷಿತ ಎಂಬ ನಂಬಿಕೆಯೂ ತಪ್ಪು. ನುಂಗುವ ಶಕ್ತಿ ಕುಗ್ಗಿದವರಿಗೆ ನೀರಿನಂಥ ತೆಳು ದ್ರವವೇ ಶ್ವಾಸಕೋಶಕ್ಕೆ ಇಳಿಯುವ ಅಪಾಯ ಹೆಚ್ಚು. ಅಂಥವರಿಗೆ ಗಟ್ಟಿಯಾಗಿ ಮಿದಿದ ಆಹಾರ ಕೊಡಲು ವೈದ್ಯರು ಹೇಳುವುದುಂಟು. ಯಾವುದು ತಕ್ಕದ್ದೆಂದು ಪರೀಕ್ಷಿಸಿಯೇ ತಿಳಿಯಬೇಕು.

ಮೈಯ ಮಾತಿಗಿಂತ ಹೆಚ್ಚಿನದೂ ಇಲ್ಲಿದೆ. ಮನೆಯವರೆಲ್ಲ ಒಂದು ಸಾಲಿನಲ್ಲಿ ಕುಳಿತು ಉಣ್ಣುವಾಗ, ಮೂಲೆಯ ಹಾಸಿಗೆಯ ಮೇಲೆ ಒಂದು ಲೋಟ ಹಿಡಿದು ಕುಳಿತವರು ಪಂಕ್ತಿಯಿಂದ ಎದ್ದುಹೋದವರಂತೆ. ಅಲ್ಲಿ ಬಡಿಸುವುದಿಲ್ಲ, "ಇನ್ನೊಂದು ತುತ್ತು" ಎನ್ನುವುದಿಲ್ಲ, "ಉಪ್ಪು ಸಾಕಾ" ಎಂದು ಕೇಳುವುದಿಲ್ಲ. ತನಗೇನು ಬೇಕೆಂದು ಹೇಳುವ ಹಕ್ಕು ಆ ಲೋಟದೊಂದಿಗೆ ಹೋಗಿಬಿಡುತ್ತದೆ. ದಾಸೋಹದ ದೊಡ್ಡಸ್ತಿಕೆ ಹೊಟ್ಟೆ ತುಂಬಿಸುವುದರಲ್ಲಿ ಮಾತ್ರವಿಲ್ಲ, ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸುವುದರಲ್ಲಿದೆ. ಬೆಟ್ಟದ ದಾಸೋಹದಲ್ಲಿ ಅಪರಿಚಿತರ ಪಕ್ಕ ಕುಳಿತು ಉಂಡು ಪುಣ್ಯ ಬಂತೆಂದು ಊರಿಗೆ ಹೋದವರು, ಮನೆಯ ಮುದುಕಿಯನ್ನು ಆ ಸಾಲಿಗೆ ಕರೆಯದಿದ್ದರೆ ಆ ಪುಣ್ಯ ಎಲ್ಲಿ ನಿಂತೀತು? ಮುದ್ದೆಯನ್ನು ಮೆದುವಾಗಿ ತಿರುವಿ, ಬೇಳೆಯನ್ನು ನುಣ್ಣಗೆ ಬೇಯಿಸಿ, ಸೊಪ್ಪನ್ನು ಮಸೆದು, ಬಾಳೆಹಣ್ಣನ್ನು ಕಿವುಚಿ ಕೊಟ್ಟರೆ ಹಲ್ಲಿಲ್ಲದವರೂ ಉಣ್ಣಬಲ್ಲರು. ಈ ಸೀಮೆಯ ಮಸೊಪ್ಪು ಇದಕ್ಕೆ ತಕ್ಕದ್ದು. ಕಟ್ಟಿಸಿಕೊಂಡ ಹಲ್ಲೂ ಸಿಗುತ್ತದೆ.

ಎದುರು ವಾದ

ಆಸ್ಪತ್ರೆಗಳಲ್ಲಿ ಮೂಗಿನ ನಳಿಕೆಯಿಂದ ದ್ರವಾಹಾರ ಕೊಟ್ಟು ತಿಂಗಳುಗಟ್ಟಲೆ ಬದುಕಿಸುತ್ತಾರಲ್ಲ, ಹಾಗಾದರೆ ದ್ರವದಲ್ಲಿ ಬದುಕಲಾಗದು ಎನ್ನುವುದು ಹೇಗೆ? ಇದು ಬಲವಾದ ಪ್ರಶ್ನೆ. ಮಣಿಪುರದ ಇರೋಮ್ ಶರ್ಮಿಳಾ 2000ದ ನವೆಂಬರಿನಿಂದ ಬಾಯಿಗೆ ಅನ್ನ-ನೀರು ಮುಟ್ಟಿಸದೆ ಸತ್ಯಾಗ್ರಹ ಹಿಡಿದರು. ಸರ್ಕಾರ ಅವರನ್ನು ಬಂಧನದಲ್ಲಿಟ್ಟು ಮೂಗಿನ ನಳಿಕೆಯಿಂದ ದ್ರವಾಹಾರ ಕೊಟ್ಟು ಉಳಿಸಿತು. ಸುಮಾರು 16 ವರ್ಷ ಹೀಗೆಯೇ ಕಳೆಯಿತು. 2016ರ ಆಗಸ್ಟ್ 9ರಂದು ಅವರು ಜೇನಿನ ಹನಿ ನಾಲಿಗೆಗೆ ಮುಟ್ಟಿಸಿ ಉಪವಾಸ ಬಿಟ್ಟಾಗ ಅವರ ಕಣ್ಣಲ್ಲಿ ನೀರಿತ್ತು.

ಇದರಿಂದ ತಿಳಿಯುವುದು ಎರಡು. ಒಂದು, ವೈದ್ಯರು ಅಳೆದು ತೂಗಿ ಎಲ್ಲ ಸತ್ವವನ್ನೂ ಸೇರಿಸಿ ಕೊಟ್ಟರೆ ದ್ರವದಿಂದಲೂ ಜೀವ ಉಳಿಯುತ್ತದೆ. ಮನೆಯಲ್ಲಿ ಅಂದಾಜಿಗೆ ಕುಡಿಯುವ ಹಾಲು-ರಸಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಎರಡು, ಶರ್ಮಿಳಾ ಊಟ ಬಿಟ್ಟದ್ದು ಊಟಕ್ಕೆ ಬೆಲೆಯಿಲ್ಲವೆಂದಲ್ಲ. ಜನರ ಮೇಲೆ ಸೈನ್ಯಕ್ಕೆ ವಿಶೇಷಾಧಿಕಾರ ಕೊಟ್ಟ ಕಾನೂನನ್ನು ತೆಗೆಯಬೇಕೆಂದು, ತಮ್ಮ ಪಾಲಿಗಿದ್ದ ಅತಿ ದೊಡ್ಡ ಸುಖವನ್ನು ಒತ್ತೆಯಿಟ್ಟರು. ಗಾಂಧೀಜಿ 1948ರ ಜನವರಿ 13ರಿಂದ 18ರವರೆಗೆ ದೆಹಲಿಯಲ್ಲಿ ಉಪವಾಸವಿದ್ದದ್ದೂ ಹಿಂದೂ-ಮುಸ್ಲಿಮರ ಸೌಹಾರ್ದಕ್ಕಾಗಿ; ಮುಖಂಡರು ಮಾತು ಕೊಟ್ಟೊಡನೆ ಕಿತ್ತಳೆ ರಸ ಕುಡಿದು ಮುಗಿಸಿದರು. ದೊಡ್ಡ ಉಪವಾಸಗಳಿಗೆ ಒಂದು ಕಾರಣವಿತ್ತು, ಒಂದು ಕೊನೆಯಿತ್ತು. ಅನ್ನವನ್ನು ತುಚ್ಛವೆಂದು ಬಿಟ್ಟವರು ಅವರಲ್ಲ, ಅನ್ನದ ಬೆಲೆ ಬಲ್ಲವರು.

ಭಕ್ತರು ಗಮನಿಸಬೇಕಾದದ್ದು

ಹರಕೆ ಹೊರಬೇಡಿ ಎಂಬುದು ಇಲ್ಲಿಯ ಮಾತಲ್ಲ. ಒಪ್ಪೊತ್ತು ಇರುವುದು, ಒಂದು ದಿನ ಫಲಾಹಾರದಲ್ಲಿ ಇರುವುದು ಆರೋಗ್ಯವಂತರಿಗೆ ಸಾಮಾನ್ಯವಾಗಿ ಕೇಡಲ್ಲ. ಆದರೆ ಬಸುರಿ-ಬಾಣಂತಿಯರು, ಬೆಳೆಯುವ ಮಕ್ಕಳು, ಮುಪ್ಪಾದವರು ಗಟ್ಟಿ ಊಟ ಬಿಡುವ ಹರಕೆಯನ್ನು ಹೊರಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟು ಬೆಟ್ಟ ಹತ್ತಿದರೆ ಸಕ್ಕರೆ ಒಮ್ಮೆಗೇ ಇಳಿದು ದಾರಿಯಲ್ಲೇ ಎಚ್ಚರ ತಪ್ಪಬಹುದು. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ಕಾಯಿಲೆಯವರು ವೈದ್ಯರನ್ನು ಕೇಳದೆ ಇಂಥದ್ದಕ್ಕೆ ಕೈಹಾಕಬಾರದು. ತಾಳಬೆಟ್ಟದಿಂದ ಕಾಲ್ನಡಿಗೆಯಲ್ಲಿ ಹೊರಡುವವರು ಉಂಡು ಹೊರಡುವುದೇ ಲೇಸು.

ಬಹಳ ದಿನ ಅನ್ನ ಬಿಟ್ಟವರು ಹರಕೆ ತೀರಿದ ದಿನವೇ ಹಬ್ಬದೂಟಕ್ಕೆ ಕೂರಬಾರದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಹಸಿವಿನಿಂದ ಬಿಡುಗಡೆಯಾದ ಸೆರೆಯಾಳುಗಳಲ್ಲಿ ಕೆಲವರು ಒಮ್ಮೆಗೇ ಹೊಟ್ಟೆ ತುಂಬಾ ಉಂಡ ಮೇಲೆ ಸತ್ತದ್ದುಂಟು. ರಕ್ತದ ಲವಣಾಂಶಗಳು ದಿಢೀರನೆ ಕುಸಿಯುವುದು ಇದಕ್ಕೆ ಕಾರಣ. ಗಂಜಿಯಿಂದ ಮೆಲ್ಲಗೆ ಮೇಲೇರಬೇಕೆಂದು ಹಿರಿಯರು ಹೇಳಿದ್ದು ಇದಕ್ಕೇ. ಎಷ್ಟೋ ದಿನ ಉಣ್ಣದೇ ಇದ್ದವರಾದರೆ ಆಸ್ಪತ್ರೆಯಲ್ಲೇ ಊಟ ಶುರುಮಾಡುವುದು ಕ್ಷೇಮ.

ಈಗಾಗಲೇ ಇಂಥ ಹರಕೆ ಹೊತ್ತು, ನಡುವೆ ಮೈ ಸೋತವರು ಹೆದರಬೇಕಾಗಿಲ್ಲ. ಮಾತು ಕೊಟ್ಟದ್ದು ದೇವರಿಗೆ, ಲೇವಾದೇವಿಯವನಿಗಲ್ಲ. ಬಡ್ಡಿ ಹಾಕಿ ಎಳೆಯುವವನು ಅವನಲ್ಲ. ಹಾಲಿನಲ್ಲಿ ಇರುವ ಬದಲು ಒಂದು ಸೇರು ರಾಗಿಯನ್ನು ದಾಸೋಹಕ್ಕೆ ಕೊಡಬಹುದು, ಪಂಕ್ತಿಯಲ್ಲಿ ಬಡಿಸಬಹುದು, ಎಲೆ ಎತ್ತಬಹುದು. ನಾಲಿಗೆಯನ್ನು ಗೆಲ್ಲಬೇಕೆಂಬ ಆಸೆಯಿದ್ದರೆ ಅದಕ್ಕೆ ಅನ್ನವನ್ನೇ ಬಿಡಬೇಕಿಲ್ಲ. ಕುಡಿತ ಬಿಡಬಹುದು, ಹೊಗೆಸೊಪ್ಪು ಬಿಡಬಹುದು, ಚಾಡಿ ಮಾತು ಬಿಡಬಹುದು, ತಟ್ಟೆಯಲ್ಲಿ ಅನ್ನ ಚೆಲ್ಲುವುದನ್ನು ಬಿಡಬಹುದು. ಇವುಗಳಿಂದ ಮೈಗೂ ಒಳ್ಳೆಯದು, ಮನೆಗೂ ಒಳ್ಳೆಯದು, ಬಿಡುವುದು ಹಿಟ್ಟು ಬಿಡುವುದಕ್ಕಿಂತ ಕಷ್ಟವೂ ಹೌದು. ಕಷ್ಟವಾದದ್ದನ್ನೇ ತಾನೆ ವ್ರತ ಎನ್ನುವುದು?

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಊಟ ಬಲ್ಲುದು ಎಂದರೆ ಎಷ್ಟು ಉಣ್ಣಬೇಕು, ಯಾವಾಗ ನಿಲ್ಲಿಸಬೇಕು, ಯಾರೊಂದಿಗೆ ಹಂಚಿಕೊಳ್ಳಬೇಕು ಎಂದು ತಿಳಿಯುವುದು. ಬೆಟ್ಟ ಹತ್ತಿ ದರ್ಶನ ಮಾಡಿದ ಭಕ್ತರು ದಾಸೋಹದ ಸಾಲಿನಲ್ಲಿ ಕುಳಿತು, ಎಲೆಯ ಮೇಲೆ ಬಿದ್ದದ್ದನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು, ನಿಧಾನವಾಗಿ ಅಗಿದು ಉಂಡು, ಪಕ್ಕದವರಿಗೆ ಸಾಕಾಯಿತೇ ಎಂದು ವಿಚಾರಿಸಿ ಏಳಲಿ. ಮನೆಗೆ ಹೋದ ಮೇಲೆ ಮೂಲೆಯಲ್ಲಿ ಕುಳಿತ ಹಿರಿಯರನ್ನೂ ಆ ಸಾಲಿಗೆ ಕರೆಯಲಿ. ಸರ್ವರಿಗೂ ಮಂಗಳವಾಗಲಿ.